ಕೀಲಿ ಹಾಕಿದ ಟೀವಿ

ನಮ್ಮೂರಿನ ಮಕ್ಕಳಿಗೆ ಸಿನಿಮಾದವರ ಹೆಸರು ಗೊತ್ತಿರುವುದಿಲ್ಲ. ಪೆಂಗ್ವಿನ್ ಎಂಬ ಹಕ್ಕಿ ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು ಚಳಿಗಾಲವೆಲ್ಲ ನಿಂತೇ ಇರುತ್ತದೆ ಎಂಬುದು ಮಾತ್ರ ತೊದಲುಮಾತಿನ ವಯಸ್ಸಿಗೇ ಗೊತ್ತು. ಏನು ಮಾಡುವುದು, ನಮ್ಮೂರಿನ ಟೀವಿಗಳಲ್ಲಿ ಬರುವುದೇ ಅಂಥವು. ಧಾರಾವಾಹಿ, ಹಾಡು, ಕ್ರಿಕೆಟ್ಟು ಯಾವುದೂ ಹಿಡಿಯುವುದಿಲ್ಲ. ಹಾಳುಬಿದ್ದ ಕೋಟೆಗಳು, ದೂರದೇಶದ ಸಂತೆಗಳು, ಮರಿಗೆ ಉಣಿಸುವ ಹದ್ದು, ಗಣಿಯಲ್ಲಿ ದುಡಿಯುವವರ ದಿನಚರಿ, ಇವೆಲ್ಲದರ ಹಿಂದೆ ಅವಸರವೇ ಇಲ್ಲದ ಒಂದು ಗಂಡುದನಿ. ಬೇರೆ ಊರಿನ ಬೀಗರು ಬಂದರೆ ಒಂದು ಸಂಜೆ ನೋಡಿ ಆಕಳಿಸಿ ಮಲಗುತ್ತಾರೆ. ನಮಗೆ ರೂಢಿಯಾಗಿದೆ.

ನಮ್ಮೂರಲ್ಲಿ ಹುಟ್ಟಿದವರು, ನಮ್ಮೂರಿಗೆ ಮದುವೆಯಾಗಿ ಬಂದವರು ಎಲ್ಲೇ ತೀರಿಕೊಳ್ಳಲಿ, ಅಂದು ದೀಪ ಹಚ್ಚುವ ಹೊತ್ತಿಗೆ ಅವರ ಚಿತ್ರ ಬರುತ್ತದೆ. ಅದೇ ದನಿ, ಅದೇ ನಿಧಾನ. ಗುಂಡಿ ಒತ್ತಬೇಕಿಲ್ಲ, ಕರೆಂಟು ಇದ್ದರೆ ಸಾಕು. ಬಂದದ್ದು ಮತ್ತೊಮ್ಮೆ ಬರುವುದಿಲ್ಲ. ಯಾರ ಪಾಲಿಗೆ ಯಾವ ಬಗೆಯದು ಬಂದೀತೆಂದು ಹೇಳಲಿಕ್ಕಾಗದು. ಹೊಳೆ ದಾಟದ ಮುದುಕಿಯೊಬ್ಬಳಿಗೆ ಪ್ರವಾಸದ ಚಿತ್ರ ಬಂತು. ಬಾವಿಯಿಂದ ಮನೆಗೆ ನೀರು ಹೊತ್ತ ದಾರಿಯನ್ನೇ ದೇಶ ಸುತ್ತಿದಂತೆ ತೋರಿಸಿದರು. ಊರನ್ನೆಲ್ಲ ನಡುಗಿಸಿದ ಗೌಡರೊಬ್ಬರಿಗೆ ಬರೀ ಇರುವೆಗೂಡು ಬಂತು. ಚಿತ್ರ ಬಂದ ಮನೆಯವರು ಬೀದಿ ಬಾಗಿಲು ತೆಗೆದು ಹೊಸ್ತಿಲ ಮೇಲೆ ಹಣತೆ ಇಡಬೇಕು. ಓಣಿಯೆಲ್ಲ ಬಂದು ಕೂರುತ್ತದೆ. ಮುಗಿದ ಮೇಲೆ ಮನೆಯ ಹೆಂಗಸು ಟೀವಿಯ ಗಾಜನ್ನು ಅರಿಶಿನ ನೀರಿನಲ್ಲಿ ಒರೆಸುತ್ತಾಳೆ. ಅಲ್ಲಿಯ ತನಕ ಯಾರೂ ಅಳುವಂತಿಲ್ಲ. ಅತ್ತರೆ ದನಿ ಕೇಳಿಸುವುದಿಲ್ಲ ಎಂದು ಹಿರಿಯರು ಮಾಡಿದ ಕಟ್ಟಳೆ ಅದು.

ಯಾರ ಮನೆಯ ಟೀವಿಗೆ ಬರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಸತ್ತವರು ಯಾವ ಮನೆಯನ್ನು ತಮ್ಮದೆಂದುಕೊಂಡಿದ್ದರೋ ಆ ಮನೆಗೆ. ಸಾಮಾನ್ಯವಾಗಿ ಅದು ಅವರವರ ಮನೆಯೇ ಆಗಿರುವುದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗಿರಿಮಲ್ಲಪ್ಪ ಮಾಸ್ತರರ ಚಿತ್ರ ಮಗನ ಮನೆ ಬಿಟ್ಟು ಮಗಳ ಮನೆಗೆ ಬಂದಾಗ ಓಣಿ ಅದನ್ನೇ ಎಲೆಅಡಿಕೆಯ ಹಾಗೆ ಅಗಿಯಿತು. ಮಾಸ್ತರರ ಸೊಸೆ ಆಮೇಲೆ ಬಹಳ ದಿನ ಬಾವಿಕಟ್ಟೆಗೆ ಬರಲಿಲ್ಲ.

ಈಗ ನೀಲಗಂಗವ್ವನ ವಿಷಯಕ್ಕೆ ಬರುತ್ತೇನೆ. ನನ್ನ ಎದುರು ಮನೆಯವಳು, ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕಿದವಳು. ಗಂಡ ಸಂಗಪ್ಪ ಸಣ್ಣ ವಯಸ್ಸಿಗೇ ತೀರಿಕೊಂಡ. ಅಂದು ಸಂಜೆ ಮೊಲೆಯುಣ್ಣುವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಬಂದದ್ದು ಪ್ರಕೃತಿಯ ಚಿತ್ರ. ಅವನು ದುಡಿಯುತ್ತಿದ್ದ ಗೋದಾಮಿನ ಹಿಂದಿನ ಆಲದ ಮರ, ಅದರ ಹೆಜ್ಜೇನು, ರಾಣಿಹುಳ, ದುಡಿಯುವ ಹುಳ. ಮರದ ಕೆಳಗೆ ಸಂಗಪ್ಪ ತಲೆಯೆತ್ತಿ ನೋಡುತ್ತ ನಿಂತದ್ದು ಆಗೊಮ್ಮೆ ಈಗೊಮ್ಮೆ ಕಂಡಿತು. ನೀಲಗಂಗವ್ವ ತನ್ನ ಮುಖ ಈಗ ಬಂದೀತು, ಆಗ ಬಂದೀತು ಎಂದು ಕಾದಳು. ಮದುವೆ ಬರಲಿಲ್ಲ, ಮನೆ ಬರಲಿಲ್ಲ, ಅವಳಂತೂ ಬರಲೇ ಇಲ್ಲ. ಗಾಜು ಒರೆಸಲು ಎದ್ದಾಗ ಹಿಂದಿನಿಂದ ಯಾರೋ ಪುಣ್ಯಾತ್ಗಿತ್ತಿ, "ಹೇಣ್ತಿ ಎಲ್ಲೂ ಕಾಣಲೇ ಇಲ್ಲಲ್ಲ" ಅಂದಳು. ಬಾಳಿದವಳಿಗೆ ಅದು ಎಲ್ಲಿ ನಾಟುತ್ತದೆ ಎಂದು ಬಾಳಿದವರಿಗೇ ಗೊತ್ತು.

ಸೂತಕ ಕಳೆದ ಮೇಲೆ ಅವಳು ಬಡಿಗನನ್ನು ಕರೆಸಿದಳು. ಟೀವಿಯನ್ನು ಮನೆಯಿಂದ ಹೊರಗೆ ಹಾಕುವಂತಿಲ್ಲ. ಟೀವಿ ಇಲ್ಲದ ಮನೆಯವರ ಚಿತ್ರ ಎಲ್ಲಿಗೆ ಬರಬೇಕು? ಅದಕ್ಕೆ ಸಾಗವಾನಿಯ ಪೆಟ್ಟಿಗೆ ಮಾಡಿಸಿ, ಗೋಡೆಗೆ ಕೂಡಿಸಿ ಬಡಿಸಿ, ಮುಂದೆ ಎರಡು ಕದ ಇಡಿಸಿ ಕೀಲಿ ಹಾಕಿದಳು. ಕದಗಳು ಗಾಜಿಗೆ ತಾಗುವ ಹಾಗೆ ಬಿಗಿಯಾಗಿದ್ದವು. ಕೀಲಿಕೈ ಅವಳ ಸೊಂಟದಲ್ಲಿ. ಆ ಡಬ್ಬಿಯ ಮೇಲೆ ಅವಳ ಸಿಟ್ಟು ಅಂಥದು.

ಮಗ ಚನ್ನವೀರ ಕಾಲು ಬಂದಾಗಿನಿಂದ ಆ ಕದದ ಮುಂದೆ ನಿಲ್ಲಲು ಕಲಿತ. ಸಂಜೆಯಾದರೆ ಓಣಿಯ ಎಲ್ಲ ಮನೆಗಳಿಂದಲೂ ಆ ಗಂಡುದನಿ ಕೇಳಿಸುತ್ತಿತ್ತು, ಇವರ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ.

"ಯವ್ವಾ, ಕದಾ ತಗಿ," ಅನ್ನುತ್ತಿದ್ದ ಹುಡುಗ.

"ಮೊದಲ ಅಭ್ಯಾಸ ಮಾಡು. ಪಾಸಾಗಿ ಕುರ್ಚಿ ಮ್ಯಾಲೆ ಕೂತು ನೌಕರಿ ಮಾಡುವಂತಿ. ನನ್ನಂಗ ಒಲಿ ಮುಂದ ಸುಡಬ್ಯಾಡ," ಅನ್ನುತ್ತಿದ್ದಳು ನೀಲಗಂಗವ್ವ, ಬಡಿಯುವ ಕೈ ನಿಲ್ಲಿಸದೆ.

"ಒಂದs ಸಲ ತಗಿಯಬೇ."

ಕೈ ನಿಲ್ಲುತ್ತಿರಲಿಲ್ಲ. ಹುಡುಗ ಇನ್ನಷ್ಟು ಹೊತ್ತು ನಿಂತು ಹಿತ್ತಿಲ ಗೋಡೆ ಹಾರಿ ಬಾಳವ್ವನ ಮನೆಗೆ ಹೋಗುತ್ತಿದ್ದ.

ಬಾಳವ್ವ ಪಕ್ಕದ ಮನೆಯವಳು. ಅವಳ ಗಂಡ ಫಕೀರಪ್ಪನದು ಹಿಟ್ಟಿನ ಗಿರಣಿ. ಆ ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ. ಬಾಳವ್ವ ಗೋಡೆಯ ಮೇಲಿಂದಲೇ ಕೂಗುತ್ತಿದ್ದಳು: "ಚನ್ನ್ಯಾ, ಒಂಟಿ ಬಂದಾವು ಬಾ." "ಚನ್ನ್ಯಾ, ಸಮುದ್ರ ಬಂತು, ಓಡಿ ಬಾ." ಹುಡುಗ ಹೋಗಿ ಅವಳ ತೊಡೆಗೆ ತಲೆಯಿಟ್ಟು ನೋಡುತ್ತಿದ್ದ, ಅಲ್ಲೇ ಉಣ್ಣುತ್ತಿದ್ದ, ಒಮ್ಮೊಮ್ಮೆ ಅಲ್ಲೇ ನಿದ್ದೆ ಹೋಗುತ್ತಿದ್ದ. ಫಕೀರಪ್ಪ ಹೆಗಲ ಮೇಲೆ ಹಾಕಿಕೊಂಡು ತಂದು ಮಲಗಿಸಿ ಹೋಗುತ್ತಿದ್ದ. ನೀಲಗಂಗವ್ವನಿಗೆ ಇದರಲ್ಲಿ ಕೆಡುಕೇನೂ ಕಾಣಲಿಲ್ಲ. ಎಲ್ಲಿ ಕುಣಿದರೂ ಬೆಳಗಾಗೇಳುವುದು ತನ್ನ ಚಾಪೆಯಲ್ಲಿ ತಾನೇ, ಎಂದುಕೊಂಡಳು. ಅವಳು ಪ್ರೀತಿ ಇಲ್ಲದವಳೆಂದು ತಿಳಿಯಬೇಡಿ. ಹಂಚಿನ ಮೇಲಿನ ಮೊದಲ ರೊಟ್ಟಿ, ಅದರ ಮೇಲೆ ಬೆಣ್ಣೆ, ದಿನವೂ ಅವನಿಗೇ. ಆದರೆ ಹುಡುಗ ಉಣ್ಣುವಾಗ ಎದುರು ಕೂರುವಷ್ಟು ಪುರುಸೊತ್ತು ಅವಳಿಗೆ ಒಂದು ದಿನವೂ ಆಗಲಿಲ್ಲ.

ಹುಡುಗ ಪರೀಕ್ಷೆಗಳಲ್ಲಿ ಡುಮ್ಕಿ ಹೊಡೆದ. ಮೀಸೆ ಬಂದ ಮೇಲೆ ಗಿರಣಿಯಲ್ಲಿ ಕೂತು ಲಾರಿಯವರ ಜೊತೆ ಮಾತಾಡುತ್ತಿದ್ದ. ಒಂದು ದಿನ ಚೀಲ ಹೆಗಲಿಗೆ ಹಾಕಿಕೊಂಡು ತಾಯಿಯ ಮುಂದೆ ನಿಂತ.

"ಯವ್ವಾ, ಸಮುದ್ರ ನೋಡಿ ಬರತೇನಿ."

"ಟೀವ್ಯಾಗ ನೋಡಿದ್ದು ಸಾಲದೇನೋ?"

"ನಮ್ಮ ಟೀವಿಗೆ ಕೀಲಿ ಹಾಕೇತಲ್ಲಬೇ," ಅಂದ. ಸಿಟ್ಟಿನಿಂದಲ್ಲ, ನಗುತ್ತಲೇ ಅಂದ. ಲಾರಿ ಹೊರಟುಹೋಯಿತು. ಅಂದು ಸಂಜೆ ನೀಲಗಂಗವ್ವ ಸೊಂಟದಿಂದ ಕೀಲಿಕೈ ತೆಗೆದು ಕದ ತೆರೆದಳು. ನೋಡುವವನು ಹೋದ ಮೇಲೆ ತೆರೆದಳು.

ಬೇರೆ ಊರಿನ ತಾಯಂದಿರು ಮಗನ ಸುದ್ದಿ ಬರಲಿ ಎಂದು ಕಾಯುತ್ತಾರೆ. ನೀಲಗಂಗವ್ವ ಬಾರದಿರಲಿ ಎಂದು ಕಾಯತೊಡಗಿದಳು. ಒಲೆಯನ್ನು ಟೀವಿಯ ಎದುರಿಗೆ ತಂದಳು. ದೀಪ ಹಚ್ಚಿದ ಮೇಲೆ ಅವಳ ಕೈ ರೊಟ್ಟಿಯ ಮೇಲೆ, ಕಣ್ಣು ಗಾಜಿನ ಮೇಲೆ. ಮರುಭೂಮಿ ಬಂದರೆ ಉಸಿರು ಬಿಡುತ್ತಿದ್ದಳು. ಹಳೆಯ ರಾಜರ ಸಮಾಧಿ ಬಂದರೆ ಇನ್ನೂ ಚಲೋ. ದನಿ ಯಾವುದೋ ಹುಡುಗನ ಮಾತೆತ್ತಿದರೆ ಮಾತ್ರ ರೊಟ್ಟಿ ಸೀದುಹೋಗುತ್ತಿತ್ತು. ಬಾಳವ್ವ ದಿನವೂ ಬಂದು ಮಗ್ಗುಲಲ್ಲಿ ಕೂರುತ್ತಿದ್ದಳು. ಚನ್ನವೀರ ಹೋದ ಮೇಲೆ ಅವಳ ಮನೆಯೂ ಬಣಗುಡುತ್ತಿತ್ತು.

"ಇವತ್ತೂ ಬರಲಿಲ್ಲ ನೋಡು ಯಕ್ಕಾ," ಅನ್ನುತ್ತಿದ್ದಳು ನೀಲಗಂಗವ್ವ ಕೊನೆಗೆ.

"ಯಾಕ ಬರತೈತಿ? ಸುಮ್ಮನಿರು," ಅನ್ನುತ್ತಿದ್ದಳು ಬಾಳವ್ವ.

ಒಂದು ಸಂಜೆ ಬಾಳವ್ವ ಬರಲಿಲ್ಲ. ಗಿರಣಿಯೂ ಹೊತ್ತಿಗೆ ಮುಂಚೆ ನಿಂತಿತ್ತು. ಬೀಸಲು ಜೋಳ ಹೊತ್ತುಕೊಂಡು ಹೋದವರಿಗೆ ಫಕೀರಪ್ಪ, "ಬೆಲ್ಟ್ ಹರದೈತಿ, ನಾಳೆ ಬರ್ರಿ," ಎಂದು ಕಳಿಸಿದ. ಮರುದಿನ ಬಾಳವ್ವ ಬಂದಾಗ ಮುಖ ಬಾತಿತ್ತು. ಮೈಯಲ್ಲಿ ಜ್ವರ ಎಂದಳು. ಅಂದಿನಿಂದ ತನ್ನ ಮನೆಯ ಟೀವಿಗೆ ಹಳೆಯ ಸೀರೆ ಹೊದಿಸಿದಳು. ಕಣ್ಣಿಗೆ ಬೆಳಕು ತಾಳದು ಎಂಬುದು ಅವಳು ಕೊಟ್ಟ ಕಾರಣ. ಬೆಳಕು ತಾಳದವಳು ದಿನವೂ ನೀಲಗಂಗವ್ವನ ಮನೆಯ ಟೀವಿಯ ಮುಂದೆ ಹೇಗೆ ಕೂರುತ್ತಾಳೆ ಎಂದು ಓಣಿಯಲ್ಲಿ ಒಬ್ಬರಾದರೂ ಕೇಳಬೇಕಿತ್ತು. ಕೇಳಲಿಲ್ಲ. ನಾನೂ ಕೇಳಲಿಲ್ಲ.

ವರ್ಷಗಳು ಹೋದವು. "ಎಲ್ಲಿದ್ದರೂ ಅದಾನ, ಅಷ್ಟs ಸಾಕು," ಎಂಬುದು ನೀಲಗಂಗವ್ವನ ಬಾಯಿಪಾಠವಾಯಿತು. ಬಾವಿಕಟ್ಟೆಯಲ್ಲಿ ಯಾರಾದರೂ ಅಯ್ಯೋ ಪಾಪ ಅಂದರೆ ಅವಳಿಗೆ ಸೇರುತ್ತಿರಲಿಲ್ಲ. "ಪಾಪ ಯಾಕ? ನನ್ನ ಡಬ್ಬಿ ಸುಳ್ಳು ಹೇಳತೈತೇನು?" ಅನ್ನುತ್ತಿದ್ದಳು. ಮಗ ಬಂದರೆ ಮದುವೆ ಮಾಡಬೇಕೆಂದು ಒಂದೆರಡು ಕಡೆ ಹೆಣ್ಣಿನ ವಿಚಾರವನ್ನೂ ಎತ್ತಿದಳು. ಅವನಿಗೆ ತನ್ನ ಮನೆಯ ಹೊರತು ಬೇರೆ ಮನೆ ಇದ್ದೀತೆಂಬ ಯೋಚನೆಯೇ ಅವಳ ತಲೆಯೊಳಗೆ ಸುಳಿಯಲಿಲ್ಲ. ಯಾವ ತಾಯಿಯ ತಲೆಯೊಳಗೆ ಸುಳಿದೀತು ಹೇಳಿ.

ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಗೆ ಬಾಳವ್ವ ಅತ್ತೆಗೊಂದು, ಮಾವನಿಗೊಂದು ಎಲೆ ಹಾಕುತ್ತಿದ್ದವಳು ಮೂರು ಹಾಕತೊಡಗಿದಳು. ಒಮ್ಮೆ ನೀಲಗಂಗವ್ವ ಅದನ್ನು ಕಂಡು ಕೇಳಿದಳು.

"ಮೂರನೇದು ಯಾರಿಗೆ ಯಕ್ಕಾ?"

"ಹೆಸರು ಗೊತ್ತಿಲ್ಲದ ಹಿರ್ಯಾರು ಇರತಾರಲ್ಲ ತಂಗಿ," ಅಂದಳು ಬಾಳವ್ವ.

ಆ ಮೂರನೆಯ ಎಲೆಯ ಮೇಲೆ ಶೇಂಗಾ ಹೋಳಿಗೆ ಇತ್ತು. ಪೂಜೆಯಾದ ಮೇಲೆ ಬಾಳವ್ವ ಅದನ್ನೇ ತಂದು ನೀಲಗಂಗವ್ವನ ಕೈಗೆ ಕೊಟ್ಟಳು. ನೀಲಗಂಗವ್ವ ಮುರಿದು ಬಾಯಿಗೆ ಹಾಕಿಕೊಂಡು, "ಚನ್ನ್ಯಾಗ ಭಾಳ ಸೇರತಿತ್ತು," ಅಂದಳು. ಬಾಳವ್ವ ಹೌದೆಂದು ತಲೆಯಾಡಿಸಿ ಟೀವಿಯ ಕಡೆ ತಿರುಗಿದಳು. ಮಂಜಿನ ಮೇಲೆ ಯಾವುದೋ ಬಿಳಿ ನರಿ ಓಡುತ್ತಿತ್ತು.

ಕೊನೆಗೆ ಬಾಳವ್ವ ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಗಡ್ಡೆ ಎಂದರು. ನೀಲಗಂಗವ್ವ ಗಂಜಿ ಕುಡಿಸಿದಳು, ಮೈ ಒರೆಸಿದಳು, ಹೆತ್ತ ಮಗಳು ಮಾಡುವುದಕ್ಕಿಂತ ಹೆಚ್ಚು ಮಾಡಿದಳು. ಒಂದು ಮಧ್ಯಾಹ್ನ ಬಾಳವ್ವ ಅವಳ ಕೈ ಹಿಡಿದುಕೊಂಡಳು.

"ನೀಲಾ, ನನ್ನ ಚಿತ್ರಕ್ಕ ನೀ ಬರಬ್ಯಾಡ."

"ಹುಚ್ಚಿ ಅದಿಯೇನು? ನಾ ಮುಂದಿನ ಸಾಲಿನಾಗ ಕೂಡಾಕಿ."

"ಹಂಗಾರ ನನಗ ಇರುವಿಗೂಡು ಬರಲಿ ಅಂತ ದೇವರಿಗೆ ಬೇಡಕೋ. ಇರುವಿ ಬರಲಿ, ಗೆದ್ದಲ ಬರಲಿ. ನಾ ಬರೂದು ಬ್ಯಾಡ."

ಬೇನೆಯಲ್ಲಿ ಬಡಬಡಿಸುತ್ತಾಳೆ ಎಂದು ನೀಲಗಂಗವ್ವ ಅವಳ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಅದಾಗಿ ಹೆಚ್ಚು ದಿನ ಬಾಳವ್ವ ಉಳಿಯಲಿಲ್ಲ.

ಫಕೀರಪ್ಪ ಹಣತೆಯನ್ನೇನೋ ಇಟ್ಟ. ಟೀವಿಯ ಮೇಲಿನ ಸೀರೆಯನ್ನೂ ತೆಗೆದ. ಓಣಿ ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು ನೀಲಗಂಗವ್ವನನ್ನು ಮಾತ್ರ ತಡೆದ.

"ತಂಗೀ, ನೀ ಮನಿಗೆ ಹೋಗು."

"ಯಾಕಣ್ಣಾ?"

"ಸತ್ತಾಕಿ ಹೇಳಿ ಸತ್ತಾಳ."

"ಆಕಿ ಹೇಲು ಉಚ್ಚಿ ಬಳದಾಕಿ ನಾನು. ಆಕಿ ಚಿತ್ರ ನೋಡೂದು ಬ್ಯಾಡಂತಿಯೇನು?" ಎಂದು ಅವಳು ಅವನ ತೋಳನ್ನು ಸರಿಸಿ ಒಳಗೆ ಬಂದಳು. ಮುಂದಿನ ಸಾಲಿನಲ್ಲೇ ಕುಳಿತಳು. ಫಕೀರಪ್ಪ ಗೋಡೆಗೆ ಆತು ನಿಂತ, ಟೀವಿಗೆ ಬೆನ್ನು ಮಾಡಿ.

ಇರುವೆ ಬರಲಿಲ್ಲ. ನಿಜಜೀವನದ ಚಿತ್ರ ಬಂತು. ಬಾಳವ್ವ ತೌರಿನಿಂದ ಬಂದದ್ದು, ಹಿಟ್ಟಿನ ಧೂಳಿನಲ್ಲಿ ಗಿರಣಿಯ ಮುಂದೆ ಕೂತದ್ದು, ಹರಕೆ ಹೊತ್ತದ್ದು, ಹೊತ್ತ ಹರಕೆಗಳು ಫಲಿಸದೆ ಹೋದದ್ದು. ಆಮೇಲೆ ಹಿತ್ತಿಲ ಗೋಡೆಯಿಂದ ಒಂದು ಚಡ್ಡಿಯ ಹುಡುಗ ಧುಮುಕಿದ. ನೀಲಗಂಗವ್ವ ನಕ್ಕಳು. "ನೋಡ್ರಿ, ನೋಡ್ರಿ, ನನ್ನ ಚನ್ನ್ಯಾ," ಎಂದು ಪಕ್ಕದಲ್ಲಿದ್ದ ನನ್ನ ಮೊಣಕೈ ಹಿಂಡಿದಳು. ಹುಡುಗ ಬಾಳವ್ವನ ತೊಡೆಯ ಮೇಲೆ ಬೆಳೆದ. ಬಾಳವ್ವ ತುತ್ತು ಕೊಟ್ಟಳು, ತಲೆ ಬಾಚಿದಳು, ಮೀಸೆ ಬಂದ ಮೇಲೂ ಕಾಲಿನ ಮುಳ್ಳು ತೆಗೆದಳು. ನೀಲಗಂಗವ್ವನ ನಗು ನಿಧಾನವಾಗಿ ಕಡಿಮೆಯಾಯಿತು. ಲಾರಿ ಹೋಯಿತು. ಬಾಳವ್ವ ಒಬ್ಬಳೇ ದೀಪ ಹಚ್ಚಿ, ಸೆರಗು ಹೊದ್ದು ಪಕ್ಕದ ಮನೆಗೆ ಹೊರಡಲು ಎದ್ದಳು. ಅಷ್ಟರಲ್ಲಿ ಅವಳ ಟೀವಿ ತಾನಾಗಿ ಹೊತ್ತಿಕೊಂಡಿತು. ಫಕೀರಪ್ಪನೂ ಗಿರಣಿ ನಿಲ್ಲಿಸಿ ಬಂದು ಅವಳ ಹಿಂದೆ ನಿಂತ.

"ಆ ಸಂಜೆ ಬಾಳವ್ವ ಅಡುಗೆ ಮಾಡಲಿಲ್ಲ," ಅಂದಿತು ದನಿ.

ಗಾಜಿನ ಒಳಗೆ ಗಾಜು. ನಾವು ನೋಡುತ್ತಿದ್ದ ಟೀವಿಯ ಬಲ ಮೂಲೆಯಲ್ಲಿ, ಬಾಳವ್ವನ ಹೆಗಲಿನ ಆಚೆ, ಅಂಗೈಯಷ್ಟು ಬೆಳಕು. ಅದರಲ್ಲಿ ಒಂದು ರಸ್ತೆ ಓಡುತ್ತಿತ್ತು. ಲಾರಿಯ ಮೇಲೆ ಅಂಗಿ ಹಾರಿಸುತ್ತ ಕೂತವನ ಮುಖ ಹೆಬ್ಬೆರಳಿನಷ್ಟಿತ್ತು, ಆದರೂ ಓಣಿಯ ಯಾರಿಗೂ ಗುರುತು ಹತ್ತದೆ ಇರಲಿಲ್ಲ. ಆಮೇಲೆ ನೀಲಿ ನೀರು, ನೀರಿನ ಮೇಲೆ ದೋಣಿ. ಪ್ರವಾಸದ ಚಿತ್ರ ಅದು. ಅದರ ಮಾತು ನಮಗೆ ಕೇಳಿಸುವಂತಿರಲಿಲ್ಲ. ನಮ್ಮ ದನಿ ಬಾಳವ್ವನ ಮಾತನ್ನೇ ಹೇಳುತ್ತಿತ್ತು. ಬಾಳವ್ವ ಎದ್ದು ಟೀವಿಯ ಹತ್ತಿರ ಹೋಗಿ ಕುಕ್ಕರಿಸಿದಳು. ಅವಳ ಬೆನ್ನು ಆ ಬೆಳಕನ್ನು ಮುಚ್ಚಿತು.

ನೀಲಗಂಗವ್ವ ಮೊಣಕಾಲಿನ ಮೇಲೆ ಮುಂದೆ ಹೋದಳು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು.

"ಯಕ್ಕಾ, ಒಂಚೂರು ಸರಿ. ಕಾಣವಲ್ದು."

ಸತ್ತವಳು ಎಲ್ಲಿ ಸರಿದಾಳು.

"ಸರಿ ಯಕ್ಕಾ. ನನ್ನ ಮಗ ಅದಾನ ಅಲ್ಲಿ."

ಬೆನ್ನು ಸರಿಯುವಷ್ಟರಲ್ಲಿ ಆ ಸಣ್ಣ ಗಾಜು ಕಪ್ಪಾಗಿತ್ತು. ಬಾಳವ್ವ ಅರಿಶಿನ ಕಲಸಿ ಅದನ್ನು ಒರೆಸಿದಳು. ಹಣತೆ ಹಿಡಿದು ಬೀದಿ ಬಾಗಿಲ ತನಕ ಬಂದಳು. ಚಿಲಕದ ಮೇಲೆ ಕೈಯಿಟ್ಟಳು. ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಬಾಳವ್ವ ಅದನ್ನು ಕೇಳುತ್ತ ನಿಂತಳು, ಕೇಳುತ್ತಲೇ ನಿಂತಳು, ಆಮೇಲೆ ಹಣತೆಯನ್ನು ಊದಿದಳು. "ಬಾಳವ್ವ ಬಾಗಿಲು ತೆರೆಯಲಿಲ್ಲ," ಅಂದಿತು ದನಿ, ಮಳೆ ಬರಲಿಲ್ಲ ಎಂದು ಹೇಳುವ ಹಾಗೆ. ಮೂರನೆಯ ಎಲೆಯೂ ಬಂತು, ಹೋಳಿಗೆಯೂ ಬಂತು, ಅದನ್ನು ಮುರಿದು ತಿನ್ನುವ ನೀಲಗಂಗವ್ವನೂ ಬಂದಳು. ಜೀವಮಾನದಲ್ಲಿ ಅವಳು ತನ್ನ ಮುಖವನ್ನು ಟೀವಿಯಲ್ಲಿ ಕಂಡದ್ದು ಆ ಸಂಜೆ, ಆ ತುತ್ತಿನ ಜೊತೆಗೆ.

ಚಿತ್ರ ಮುಗಿಯಿತು. ಮನೆಯಲ್ಲಿ ಹೆಂಗಸರಿಲ್ಲ, ಗಾಜು ಒರೆಸುವವರು ಯಾರು ಎಂದು ಎಲ್ಲರೂ ಅತ್ತಿತ್ತ ನೋಡುವಾಗ ನೀಲಗಂಗವ್ವ ಎದ್ದು ಬಟ್ಟಲಿಗೆ ಕೈ ಹಾಕಿದಳು. ಗಾಜನ್ನೆಲ್ಲ ಒರೆಸಿದಳು. ಬಲ ಮೂಲೆಯನ್ನು ಮತ್ತೆ ಮತ್ತೆ ಒರೆಸಿದಳು. ಅಳಲು ಅಡ್ಡಿಯಿರಲಿಲ್ಲ, ಉಳಿದವರು ಅಳುತ್ತಲೂ ಇದ್ದರು. ಅವಳು ಅಳಲಿಲ್ಲ. ಜಗಳ ಶುರುವಾದೀತೆಂದು ನಾವು ಕಾದೆವು, ಅದೂ ಆಗಲಿಲ್ಲ.

"ನನಗ ಹೇಳಬೇಕಿತ್ತಣ್ಣಾ," ಅಂದಳು ಫಕೀರಪ್ಪನಿಗೆ.

"ದಿನಾ ಹೇಳಾಕಂತs ಬರತಿದ್ದಳು ತಂಗೀ. ನೀ 'ಇವತ್ತೂ ಬರಲಿಲ್ಲ' ಅಂತಿದ್ದಿ. ಆಕಿ ಬಾಯಿ ಕಟ್ಟಿ ಹೋಗತಿತ್ತು."

ಅವಳು ಬಟ್ಟಲನ್ನು ಕೆಳಗಿಟ್ಟಳು.

"ಅವನ ಚಿತ್ರ ನೀವಿಬ್ಬರೂ ಪೂರಾ ನೋಡೀರಿ. ಅದರಾಗ ನಾ ಇದ್ದೆನೇನು?"

ಫಕೀರಪ್ಪನಿಗೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ಇರಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತೇನೋ. ಕೈಯನ್ನು ಧೋತರಕ್ಕೆ ಒರೆಸಿಕೊಂಡ.

"ಕಾಣಲಿಲ್ಲ," ಅಂದ. "ಖರೇ, ರೊಟ್ಟಿ ಬಡಿಯೂ ಸಪ್ಪಳ ಇತ್ತು. ಮೊದಲಿಂದ ಕಡೀತನಕ ಇತ್ತು. ಸಮುದ್ರದ ಮ್ಯಾಲೂ ಇತ್ತು."

ನೀಲಗಂಗವ್ವ ಮನೆಗೆ ಹೋಗಿ ಟೀವಿಯ ಕದ ಮುಚ್ಚಿ ಕೀಲಿ ಹಾಕಿದಳು. ಹಿತ್ತಿಲ ಬಾವಿಗೆ ಬಂದು ಕೀಲಿಕೈಯನ್ನು ನೀರಿಗೆ ಬಿಟ್ಟಳು. ಹಿಂದೆಯೇ ಹೋಗಿದ್ದ ನಾನು ಕಂಡು, "ಏನು ಮಾಡಿದಿ ನೀಲವ್ವ?" ಎಂದರೆ ಅವಳ ಉತ್ತರ ಸಿದ್ಧವಿತ್ತು. "ಇಲ್ಲಿ ಕದಾ ತಗಿಯೂದs ಇಲ್ಲಂದ ಮ್ಯಾಲೆ ನನ್ನ ಚಿತ್ರ ಎಲ್ಲಿ ಹೋದೀತು? ಅವನದು ಬಂದ ಡಬ್ಬಿಗೇ ಬರಬೇಕು. ತಾಯಿಮಗಾ ಒಂದs ಗಾಜಿನಾಗ ಇರತೇವಿ." ಮಾಡಿಕೊಂಡಳಲ್ಲ, ಎಂಥ ಲೆಕ್ಕಾಚಾರ. ಟೀವಿಗೆ ಕೀಲಿ ಹಾಕಿದರೆ ಚಿತ್ರವೂ ಹುಡುಗನಂತೆ ಗೋಡೆ ಹಾರಿ ಪಕ್ಕದ ಮನೆಗೆ ಹೋಗುತ್ತದೆ ಎಂದು ಅವಳ ನಂಬಿಕೆ. ತಪ್ಪೆಂದು ಹೇಳಲು ನಮಗೂ ಬಾಯಿ ಬರಲಿಲ್ಲ.

ಅಂದಿನಿಂದ ಅವಳು ಬಾಳವ್ವನ ಮನೆಯಲ್ಲೇ ಉಣ್ಣತೊಡಗಿದಳು. ಸಂಜೆಯಾದರೆ ರೊಟ್ಟಿಯ ಬುಟ್ಟಿ ಹೊತ್ತು ಅಲ್ಲಿಗೆ ಹೋಗಿ ಆ ಟೀವಿಯ ಮುಂದೆ ಕೂರುತ್ತಿದ್ದಳು. ಬಾಳವ್ವ ಕೂರುತ್ತಿದ್ದ ಮಣೆ, ಬಾಳವ್ವ ಕುಡಿಯುತ್ತಿದ್ದ ತಂಬಿಗೆ. ಫಕೀರಪ್ಪ ಗಿರಣಿಯಿಂದ ಬಂದು ದೂರದಲ್ಲಿ ಕೂತು ಉಣ್ಣುತ್ತಿದ್ದ. ಗಂಡ ಸತ್ತವಳು, ಹೆಂಡತಿ ಸತ್ತವನು ಎಂದು ಓಣಿಯ ನಾಲಗೆ ಒಂದಷ್ಟು ದಿನ ತುರಿಸಿಕೊಂಡಿತು. ಅವಳು ಲಕ್ಷ್ಯ ಕೊಡಲಿಲ್ಲ. ಅವಳ ಕಷ್ಟವೇ ಬೇರೆಯಿತ್ತು. ಆ ಮನೆಯನ್ನು ತನ್ನದೆಂದುಕೊಳ್ಳಬೇಕು. ಹೊಸ್ತಿಲು ಸಾರಿಸಿದಳು, ತುಳಸಿ ನೆಟ್ಟಳು, ಗೋಡೆಗೆ ಸುಣ್ಣ ಬಳಿಸಿದಳು. ಬಾವಿಕಟ್ಟೆಯಲ್ಲಿ, "ನಮ್ಮ ಮನ್ಯಾಗ ಬದನಿಕಾಯಿ ಮಾಡೀನಿ," ಎಂದು ಹೇಳಿನೋಡುತ್ತಿದ್ದಳು. ನಾಲಗೆ ಎಡವಿ, "ಬಾಳಕ್ಕನ ಮನ್ಯಾಗ," ಎಂದೇ ಬರುತ್ತಿತ್ತು. ಬಂದಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ.

"ಆಕಿನ್ನ ಮಾಫ್ ಮಾಡೀಯೇನು?" ಎಂದು ಒಮ್ಮೆ ಕೇಳಿದೆ.

"ಇಲ್ಲ," ಅಂದಳು. "ಪ್ರಯತ್ನ ನಡಸೇನಿ. ಮಾಫ್ ಮಾಡದ ಹೊರತು ಅದು ನನ್ನ ಮನಿ ಹೆಂಗಾಗತೈತಿ?"

ಚಳಿಗಾಲದ ಒಂದು ಬೆಳಿಗ್ಗೆ ಅವಳು ಏಳಲಿಲ್ಲ. ಮಲಗುವುದು ಮಾತ್ರ ತನ್ನ ಮನೆಯಲ್ಲೇ. ಅಲ್ಲೇ, ಕೀಲಿ ಹಾಕಿದ ಟೀವಿಯ ಮುಂದಿನ ಚಾಪೆಯ ಮೇಲೆ ಹೋಗಿದ್ದಳು. ಸಂಜೆ ಫಕೀರಪ್ಪ ತನ್ನ ಹೊಸ್ತಿಲ ಮೇಲೆ ಹಣತೆ ಇಟ್ಟ. ಅವಳ ಆಸೆ ಎಲ್ಲರಿಗೂ ಗೊತ್ತಿತ್ತು. ಓಣಿಯೆಲ್ಲ ಅವನ ಮನೆಯಲ್ಲಿ ಕೂತೆವು. ಟೀವಿಯಲ್ಲಿ ಒಂಟೆಗಳು ಮರಳಿನ ಮೇಲೆ ಹೋಗುತ್ತಿದ್ದವು. ಈಗ ನಿಂತಾವು, ಈಗ ಅವಳು ಬಂದಾಳು ಎಂದು ಕಾದೆವು. ಒಂಟೆಗಳು ಹೋಗುತ್ತಲೇ ಇದ್ದವು. ಹೊರಗೆ ಪೂರ್ತಿ ಕತ್ತಲಾಯಿತು. ಫಕೀರಪ್ಪ ಗಾಜಿನ ಮೇಲೆ ಕೈಯಾಡಿಸಿ, "ಬಾ ತಂಗೀ, ಇದು ನಿನ್ನ ಮನೀನs," ಅಂದ.

ಆಗ ಗೋಡೆಯ ಆಚೆಯಿಂದ ಸಪ್ಪಳ ಕೇಳಿಸಿತು.

ಎದ್ದು ಹೋದೆವು. ನೀಲಗಂಗವ್ವನ ಮನೆಯಲ್ಲಿ ಸಾಗವಾನಿಯ ಕದಗಳ ಸಂದಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು. ಒಳಗಿನಿಂದ ದನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಯಾರೋ ಹಾರೆ ತಂದರು. ಕದ ಗಾಜಿಗೆ ಅಂಟಿದೆ, ಮೀಟಿದರೆ ಗಾಜೇ ಒಡೆದು ಎಲ್ಲ ಹೋಗುತ್ತದೆ ಎಂದು ಫಕೀರಪ್ಪ ಹಾರೆಯನ್ನು ಕಸಿದು ಹೊರಗೆ ಎಸೆದ. ಬೇರೆ ದಾರಿ ಇರಲಿಲ್ಲ. ಅವಳ ಹೆಣವನ್ನು ಪಕ್ಕದಲ್ಲಿಟ್ಟುಕೊಂಡು ಆ ಮರದ ಕದಗಳ ಮುಂದೆ ಸಾಲಾಗಿ ಕೂತೆವು. ಹಾಗೆ ಬಾಗಿಲನ್ನೇ ನೋಡುತ್ತ ಕೂತದ್ದು ನಮ್ಮೂರಿನಲ್ಲಿ ಅದೇ ಮೊದಲು.

ಯಾವ ಬಗೆಯ ಚಿತ್ರವೋ ಗೊತ್ತಾಗಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಸ್ಪಷ್ಟವಾಗಿತ್ತು. ಹಲಗೆಯ ಮೇಲೆ ಅಂಗೈ, ಅಂಗೈ, ಅಂಗೈ. ಬಹಳ ಹೊತ್ತು ಅದೊಂದೇ. ಆಮೇಲೆ ಅದರ ನಡುವೆ, ಕದಕ್ಕೆ ತೀರ ಹತ್ತಿರ, ಒಂದು ಎಳೆಯ ಗಂಟಲು.

"ಯವ್ವಾ, ಕದಾ ತಗಿ."

ಬಡಿಯುವ ಕೈ ನಿಲ್ಲಲಿಲ್ಲ.

"ಒಂದs ಸಲ ತಗಿಯಬೇ."

ಫಕೀರಪ್ಪ ಹೆಣದ ಕಡೆ ಬಾಗಿದ. "ತಗಿ ತಂಗೀ," ಅಂದ, "ಹುಡುಗ ನಿಂತಾನ." ಸಪ್ಪಳ ನಡೆದೇ ಇತ್ತು. ಹುಡುಗ ಇನ್ನೊಮ್ಮೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಸಂದಿನ ಬೆಳಕು ಆರಿತು.

ಅರಿಶಿನ ನೀರು ಕಲಸಿದ್ದೆವು. ಒರೆಸಲು ಗಾಜು ಕೈಗೆ ಸಿಗುವಂತಿರಲಿಲ್ಲ. ಒರೆಸದೆ ಅಳುವಂತಿಲ್ಲ. ಹೆಂಗಸರ ಕೆಲಸವಾದರೂ ಫಕೀರಪ್ಪನೇ ಬಟ್ಟಲನ್ನು ತೆಗೆದುಕೊಂಡು, ಬಟ್ಟೆ ಅದ್ದಿ, ಆ ಎರಡು ಕದಗಳನ್ನು ಮೇಲಿನಿಂದ ಕೆಳಗಿನ ತನಕ ಒರೆಸಿದ. ಕೆಳಗೆ, ಚಿಕ್ಕ ಹುಡುಗನ ಕೈ ನಿಲುಕುವಷ್ಟು ಎತ್ತರದಲ್ಲಿ, ಮರದ ಹೊಳಪು ಮಾಸಿ ಒರಟಾಗಿತ್ತು. ಅಲ್ಲಿ ಅವನ ಕೈ ನಿಂತಿತು. ಆಮೇಲೆ ನಾವು ಅತ್ತೆವು.